ಬಣ್ಣದ ಮೇಲೆ ಕಟ್ಟಿದ ತಂತಿ

ಈಗ ಮೈಕು ಕುಂಯ್ ಎಂದಾಗ ನೀವೆಲ್ಲ ಒಟ್ಟಿಗೇ ಮುಖ ಕಿವಿಚಿದಿರಿ. ಮೈಕು ನೋಡಿಕೊಳ್ಳುವ ನಮ್ಮ ಮಾನಿಂಗ, ಪಾಪ, ಓಡಿ ಬಂದು ಏನನ್ನೋ ತಿರುವಿದ. ತಿರುವಿದ ಮೇಲೆ ಅವನು ಏನು ಮಾಡಿದ, ನೋಡಿದಿರಾ? ಪೆಂಡಾಲಿನ ಕೊನೆಗೆ ಹೋಗಿ, ಅಲ್ಲಿ ಗೋಡೆಗೆ ಒರಗಿ ಕೂತ ಅಜ್ಜಿಯನ್ನು ಕೇಳಿದ: "ಯವ್ವಾ, ಈಗ ಸರೀ ಆತೇನ?" ಆಕೆ ತಲೆ ಆಡಿಸಿದ ಮೇಲೆಯೇ ತನ್ನ ಪೆಟ್ಟಿಗೆಯ ಹತ್ತಿರ ಬಂದು ಕೂತ. ನಾನು ಇವತ್ತು ಪ್ರವಚನದಲ್ಲಿ ಬೇರೊಂದು ದೃಷ್ಟಾಂತ ಹೇಳಬೇಕೆಂದು ಬಂದಿದ್ದೆ. ಮಾನಿಂಗ ಅದನ್ನು ಬದಲಿಸಿಬಿಟ್ಟ. ಅವನು ಕೇಳಿದ ಆ ಒಂದು ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. ಕಡೆಗೆ ಬೇಕಾಗುತ್ತದೆ.

ಕೃಷ್ಣೆಯ ದಂಡೆಯಿಂದ ಎರಡು ಹರದಾರಿ ದೂರಕ್ಕೆ ನೇಕಾರರ ಊರೊಂದಿದೆ. ಆ ಊರಿನಲ್ಲಿ ಒಬ್ಬ ಸಾಹುಕಾರ. ಊರಿನ ಹೆಸರು ಬೇಡ, ಸಾಹುಕಾರನ ಹೆಸರೂ ಬೇಡ. ಹೆಸರು ಹೇಳಿದರೆ ನೀವು "ಓ, ಅವನಾ!" ಎಂದು ನಿಮ್ಮನ್ನು ನೋಡಿಕೊಳ್ಳುವುದು ಬಿಟ್ಟು ಅವನನ್ನು ನೋಡಲು ತೊಡಗುತ್ತೀರಿ.

ಒಳ್ಳೆಯ ಮನುಷ್ಯ. ಎರಡು ವಿದ್ಯುತ್ ಮಗ್ಗದಿಂದ ಶುರುಮಾಡಿ ನಲವತ್ತು ಮಗ್ಗದವರೆಗೆ ಬಂದವನು. ಮೂವತ್ತೈದು ವರ್ಷ ಆ ಖಟಕಟ್ ಖಟಕಟ್ ನಡುವೆಯೇ ನಿಂತು ದುಡಿದವನು. ಮಗ್ಗದ ಶೆಡ್ಡಿನೊಳಗೆ ಹೋದವರಿಗೆ ಗೊತ್ತು, ಅಲ್ಲಿ ಮಾತನಾಡಬೇಕೆಂದರೆ ಕಿವಿಗೆ ಬಾಯಿ ಹಚ್ಚಿ ಕೂಗಬೇಕು, ಇಲ್ಲವೇ ಕೈಸನ್ನೆ ಮಾಡಬೇಕು. ಹಾಗಾಗಿ ಸಾಹುಕಾರ ಮನೆಯಲ್ಲಿಯೂ ಕೂಗಿಯೇ ಮಾತನಾಡುತ್ತಿದ್ದ. ಒಂದು ಲೋಟ ನೀರು ಕೇಳಿದರೆ ಓಣಿಯ ತುದಿಯವರು ತಂಬಿಗೆ ಹಿಡಿದು ಬರಬೇಕು, ಅಷ್ಟು ಜೋರು.

ಅವನ ಹೆಂಡತಿ ಮೆದು ಮಾತಿನವಳು. ಕಷ್ಟದ ದಿನಗಳಲ್ಲಿ ಮನೆಯ ಪಡಸಾಲೆಯಲ್ಲಿ ಕೂತು ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತಿದವಳು. ಆಕೆಗೆ ಐವತ್ತೆಂಟು ತುಂಬುವಾಗ ಎರಡೂ ಕಿಡ್ನಿ ಕೈಕೊಟ್ಟವು. ಡಾಕ್ಟರು ಹೇಳಿದರು: ವಾರಕ್ಕೆ ಎರಡು ಸಲ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಬರಬೇಕು, ನಾಲ್ಕು ತಾಸು ಯಂತ್ರಕ್ಕೆ ರಕ್ತ ಕೊಟ್ಟು ಶುದ್ಧ ಮಾಡಿಸಿಕೊಳ್ಳಬೇಕು. ಎಷ್ಟು ದಿನ? ಡಾಕ್ಟರು ಮುಂದಿನ ಸಲದ ತಾರೀಖು ಬರೆದುಕೊಟ್ಟರು. ಸಾಹುಕಾರ ಮತ್ತೆ ಕೇಳಲೂ ಇಲ್ಲ.

ಹೋಗಲು ಒಂದೂವರೆ ತಾಸು, ಬರಲು ಒಂದೂವರೆ ತಾಸು. ಬರುವಾಗಂತೂ ಆಕೆಯ ಮೈಯಲ್ಲಿ ಜೀವವೇ ಇರುತ್ತಿರಲಿಲ್ಲ. ಸಾಹುಕಾರ ಹೊಸ ಕಾರು ತಂದ. ಡ್ರೈವರನನ್ನು ಇಡಲಿಲ್ಲ, ಹೆಂಡತಿಯನ್ನು ತಾನೇ ಕರೆದುಕೊಂಡು ಹೋಗಬೇಕೆಂದು. ದಾರಿಯಲ್ಲಿ ಆಕೆಗೆ ಬೇಸರವಾಗಬಾರದಲ್ಲ? ಅದಕ್ಕೆ ಅವನೊಂದು ಯೋಚನೆ ಮಾಡಿದ. ಬಹಳ ಚಂದದ ಯೋಚನೆ.

ಆಕೆಯ ತಂದೆ ಭಜನೆ ಹಾಡುತ್ತಿದ್ದವರು. ಏಕತಾರಿ ಹಿಡಿದು ಕೂತರೆ ಊರೇ ಕೂರುತ್ತಿತ್ತು. ಅವರು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಯಾರೋ ಒಮ್ಮೆ ಅವರ ಹಾಡನ್ನು ಕ್ಯಾಸೆಟ್ಟಿಗೆ ತುಂಬಿಕೊಂಡಿದ್ದರು, ಆ ಕ್ಯಾಸೆಟ್ಟು ಆಕೆಯ ಅಣ್ಣನ ಟ್ರಂಕಿನಲ್ಲಿತ್ತು. ಸಾಹುಕಾರ ಅದನ್ನು ಹುಡುಕಿಸಿ, ಪೆನ್‌ಡ್ರೈವಿಗೆ ಹಾಕಿಸಿದ. ಕಾರಿನಲ್ಲಿ ಒಳ್ಳೆಯ ಸ್ಪೀಕರು, ಸೀಟಿನ ಕೆಳಗೆ ದನಿಯನ್ನು ದೊಡ್ಡದು ಮಾಡುವ ಪೆಟ್ಟಿಗೆ, ಎಲ್ಲ ಕೂರಿಸಿದ. ಇದಕ್ಕಿಂತ ಹೆಚ್ಚಿಗೆ ಒಬ್ಬ ಗಂಡ ಏನು ಮಾಡಬೇಕು, ಹೇಳಿ?

ಒಂದು ಮಾತು ಮಾತ್ರ ಹೇಳಬೇಕು. ಹೊಸ ಕಾರಿನ ಮೇಲೆ ಅವನಿಗೆ ಜೀವ. ಪೂಜೆಯ ದಿನ ಅಯ್ಯನವರು ಬಾನೆಟ್ಟಿನ ಮೇಲೆ ಕುಂಕುಮ ಹಚ್ಚಲು ಕೈ ಎತ್ತಿದರೆ, "ಬಣ್ಣಕ್ಕ ಬ್ಯಾಡ್ರಿ ಅಯ್ಯಾರ, ಗಾಜಿಗೆ ಹಚ್ಚರಿ, ದೇವರಿಗೆ ಎಲ್ಲಾ ಒಂದ" ಎಂದು ಕೈ ಹಿಡಿದಿದ್ದ. ಸ್ಪೀಕರು ಕೂರಿಸಲು ಬಂದವನಿಗೂ ಅದನ್ನೇ ಹೇಳಿದ: "ನೋಡಪಾ, ಕಾರಿಗೆ ಒಂದು ಗೀರು ಬೀಳಬಾರ್ದು. ಹೊರಗೂ ಬೀಳಬಾರ್ದು, ಒಳಗೂ ಬೀಳಬಾರ್ದು. ಬಿತ್ತೋ, ನೀ ಇದ್ದಿ ನಾ ಇದ್ದೀನಿ!" ಅವನು ಹೆದರಿ, ಒಂದು ಗೀರೂ ಬೀಳದಂತೆ ಕೆಲಸ ಮುಗಿಸಿ ಹೋದ.

ಮೊದಲ ದಿನ. ಊರು ದಾಟಿದ ಮೇಲೆ ಸಾಹುಕಾರ ಹಾಡು ಹಚ್ಚಿದ. ಏಕತಾರಿ ಮಿಡಿಯಿತು. ತಂದೆಯ ದನಿ ಬಂತು. ಆಕೆ ಎರಡೂ ಕೈಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಸಾಹುಕಾರನ ಕಣ್ಣೂ ತುಂಬಿ ರಸ್ತೆ ಮಸುಕಾಯಿತು. ಸ್ವಲ್ಪ ದೂರ ಹೋದ ಮೇಲೆ ಆಕೆ ಮೆಲ್ಲಗೆ ಹೇಳಿದಳು:

"ರೀ, ಹಾಡಿನ ಮ್ಯಾಲ ಒಂದು ಸಣ್ಣ ಸದ್ದು ಬರಾಕತ್ತೈತಿ. ಸೊಳ್ಳಿ ಕಿವ್ಯಾಗ ಹೊಕ್ಕಂಗ."

"ಎಲ್ಲೈತಿ?"

"ಗಾಡಿ ಜೋರ ಹ್ವಾದ್ರ ಏರ್ತೈತಿ, ಸಾವಕಾಶ ಆದ್ರ ಇಳೀತೈತಿ. ನಿಮಗ ಕೇಳಸವಲ್ದೇನು?"

ಸಾಹುಕಾರ ದನಿ ಹೆಚ್ಚಿಸಿ ಕಿವಿಗೊಟ್ಟ. ತಗ್ಗಿಸಿ ಕಿವಿಗೊಟ್ಟ. ಏನೂ ಇಲ್ಲ. ಆದರೂ, ನೋಡಿ, ಒಳ್ಳೆಯ ಮನುಷ್ಯ ಎಂದೆನಲ್ಲ, ಹೆಂಡತಿ ಹೇಳಿದಳೆಂದು ಮರುದಿನವೇ ಆ ಸ್ಪೀಕರಿನವನ ಅಂಗಡಿಗೆ ಕಾರು ಒಯ್ದ. ಅಂಗಡಿಯವನು ಇಂಜಿನ್ ಬಂದ್ ಮಾಡಿ ಹಾಡು ಹಚ್ಚಿದ. ಸದ್ದೇ ಇಲ್ಲ. ಎರಡು ಸಲ, ಮೂರು ಸಲ ಹಚ್ಚಿದ. ಇಲ್ಲ. "ಹಳೇ ಕ್ಯಾಸೆಟ್ಟರೀ, ಅದರ ಸರಸರ ಇರಬೇಕು, ಅಕ್ಕಾರಿಗೆ ಅದ ಕೇಳಿರಬೇಕು" ಎಂದ.

ಇಲ್ಲಿ ಸ್ವಲ್ಪ ನಿಲ್ಲೋಣ. ಆಕೆ ಏನು ಹೇಳಿದ್ದಳು? ಗಾಡಿ ಓಡುವಾಗ ಸದ್ದು ಬರುತ್ತದೆ ಎಂದಿದ್ದಳು. ಅವರು ಪರೀಕ್ಷೆ ಮಾಡಿದ್ದು ಯಾವಾಗ? ಗಾಡಿ ನಿಂತಾಗ. ನಿಂತ ಗಾಡಿಯಲ್ಲಿ ಹುಡುಕಿ, ಓಡುವ ಗಾಡಿಯ ನೋವು ಸುಳ್ಳು ಎಂದು ತೀರ್ಮಾನ ಮಾಡಿಬಿಟ್ಟರು. ನಗಬೇಡಿ. ನಾವು ಮಾಡುವುದೂ ಇದನ್ನೇ. ಹಬ್ಬದ ದಿನ ಎಲ್ಲರೂ ಹೊಸ ಬಟ್ಟೆ ತೊಟ್ಟು ಹೋಳಿಗೆ ಉಣ್ಣುವಾಗ ಸೊಸೆಯನ್ನು ಕೇಳುತ್ತೇವೆ, "ಎಲ್ಲಾ ಆರಾಮ ಐತೆಲ್ಲವಾ?" ಆಕೆ ಹೂಂ ಎನ್ನುತ್ತಾಳೆ. ಬೆಳಗಿನ ಐದು ಗಂಟೆಗೆ, ಒಲೆಯ ಮೇಲೆ ಎರಡು ಪಾತ್ರೆ, ಬಚ್ಚಲಿನಲ್ಲಿ ಒಂದು ರಾಶಿ ಬಟ್ಟೆ, ಸೊಂಟದಲ್ಲಿ ಕೂಸು ಇರುವಾಗ ಯಾರಾದರೂ ಆ ಮಾತು ಕೇಳಿದ್ದೇವೆಯೇ?

ಸಾಹುಕಾರ ಮನೆಗೆ ಬಂದು ಹೇಳಿದ, "ಏನೂ ಸದ್ದಿಲ್ಲ. ಅಂಗಡ್ಯಾವನೂ ಕೇಳಿದ, ನಾನೂ ಕೇಳಿದೆ. ಆ ಮಷಿನ್ನಿಗೆ ಮಲಗಿ ಮಲಗಿ ನಿನ್ನ ಕಿವ್ಯಾಗನ ಬರಾಕತ್ತಿರಬೇಕು."

ಬೈಯಲಿಲ್ಲ ಅವನು. ಪ್ರೀತಿಯಿಂದಲೇ ಹೇಳಿದ. ಆಕೆಯೂ ಯೋಚಿಸಿದಳು: ಇರಬಹುದು. ಮೈಯೆಲ್ಲ ಕೆಟ್ಟಿರುವಾಗ ಕಿವಿಯೂ ಕೆಟ್ಟಿರಬಹುದು. ಮತ್ತೆ ಆ ಮಾತು ತೆಗೆಯಲಿಲ್ಲ.

ಎಂಟು ತಿಂಗಳು. ವಾರಕ್ಕೆ ಎರಡು ಸಲ, ಸಲಕ್ಕೆ ಮೂರು ತಾಸು. ಆಕೆ ಕಾರಿನಲ್ಲಿ ಕೂತ ಕೂಡಲೇ ಸೆರಗನ್ನು ತಲೆಯ ಮೇಲಿಂದ ತಂದು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಎ.ಸಿ. ಗಾಳಿ ಚಳಿಯಾಗುತ್ತಿರಬೇಕೆಂದು ಸಾಹುಕಾರ ಎ.ಸಿ. ಬಂದ್ ಮಾಡಿ, ಆ ಬಿಸಿಲಿನಲ್ಲಿ ತಾನು ಬೆವರುತ್ತ ಕಾರು ನಡೆಸುತ್ತಿದ್ದ. "ಚಲೋ ಕೇಳಸ್ತೈತಿಲ್ಲ?" ಎಂದು ಕೇಳಿದರೆ ಆಕೆ, "ಹೂಂರೀ, ಚಲೋ ಐತಿ" ಎನ್ನುತ್ತಿದ್ದಳು. ನೋಡಿ ಇದನ್ನು. ಇಬ್ಬರೂ ಒಬ್ಬರಿಗಾಗಿ ಒಬ್ಬರು ಸಹಿಸುತ್ತಿದ್ದಾರೆ. ಇಬ್ಬರಲ್ಲಿ ಯಾರದೂ ಪ್ರೀತಿ ಕಡಿಮೆಯಿಲ್ಲ. ನಡುವೆ ಮಾತ್ರ ಒಂದು ಸೊಳ್ಳೆ ಕೂಗುತ್ತಲೇ ಇದೆ.

ಒಂದು ದಿನ ಆಕೆಯನ್ನು ಯಂತ್ರದ ಪಕ್ಕ ಮಲಗಿಸಿ ಹೊರಗೆ ಬಂದ ಸಾಹುಕಾರನಿಗೆ ಇನ್ನೊಂದು ಯೋಚನೆ ಬಂತು. ಹಾಸಿಗೆಯಲ್ಲಿ ನಾಲ್ಕು ತಾಸು ಸುಮ್ಮನೆ ಮಲಗುತ್ತಾಳಲ್ಲ, ದಿಂಬಿನ ಪಕ್ಕ ಇಡುವಂಥ ಒಂದು ಸಣ್ಣ ಪೆಟ್ಟಿಗೆ ಸಿಕ್ಕರೆ ಅಲ್ಲಿಯೂ ಅಪ್ಪನ ಹಾಡು ಕೇಳಬಹುದು. ಆಸ್ಪತ್ರೆಯ ಎದುರಿಗೆ ಒಂದು ತಗಡಿನ ಶೆಡ್ಡು. ಅಲ್ಲಿ ರೇಡಿಯೋ ರಿಪೇರಿ ಮಾಡುವ ಮುದುಕನೊಬ್ಬ. ಅವನ ಹೆಸರು ದಾವಲಸಾಬ. ಸಾಹುಕಾರನ ಹೆಸರು ಮುಚ್ಚಿಟ್ಟೆ, ಇವನದು ಹೇಳುತ್ತೇನೆ. ಒಳ್ಳೆಯ ಕೆಲಸ ಮಾಡಿದವರ ಹೆಸರು ಮುಚ್ಚಿಡಬಾರದು.

ದಾವಲಸಾಬ, "ಹಾಡು ಎಂಥಾದ್ದು, ಕೇಳಸ್ರಿ. ದನಿ ನೋಡಿ ಪೆಟ್ಟಿಗಿ ಕೊಡ್ತೀನಿ" ಎಂದ. ಹಾಡು ಕಾರಿನಲ್ಲಿತ್ತು. ಹೊರಗೆ ಉರಿಬಿಸಿಲು. ಇಬ್ಬರೂ ಕಾರಿನಲ್ಲಿ ಕೂತು, ಇಂಜಿನ್ ಶುರುಮಾಡಿ, ಎ.ಸಿ. ಹಾಕಿ, ಹಾಡು ಹಚ್ಚಿದರು. ಮುದುಕ ಕಣ್ಣುಮುಚ್ಚಿದ. ಎರಡು ಸಾಲು ಆಗುವುದರಲ್ಲಿ ಕಣ್ಣು ತೆರೆದ.

"ಸಾಹುಕಾರ್ರ, ಇದು ಎಷ್ಟು ದಿವ್ಸಾತು ಹಿಂಗ?"

"ಯಾವುದು?"

"ಈ ಸದ್ದು. ಇಂಥಾ ಬಂಗಾರದಂಥ ಹಾಡಿನ ಮ್ಯಾಲ ಗರಗಸ ಎಳದಂಗ ಬರಾಕತ್ತೈತೆಲ್ಲ!"

ಸಾಹುಕಾರನಿಗೆ ಹೆಂಡತಿ ಹೇಳಿದ ಸೊಳ್ಳೆ ನೆನಪಾಯಿತು. ಆದರೂ ವಾದ ಮಾಡಿದ, "ಅದು ಕ್ಯಾಸೆಟ್ಟಿಂದು. ಹಳೇದು."

ಮುದುಕ ಇಂಜಿನ್ ಬಂದ್ ಮಾಡಿಸಿದ. ಮತ್ತೆ ಶುರುಮಾಡಿಸಿದ. ತಾನೇ ಸ್ಟೀರಿಂಗಿನ ಹತ್ತಿರ ಕೂತು ಎಕ್ಸಲರೇಟರು ಒತ್ತಿದ. "ಕ್ಯಾಸೆಟ್ಟಿನ ಸದ್ದು ಕ್ಯಾಸೆಟ್ಟಿನ ಜೋಡಿ ಇರಬೇಕ್ರಿ. ನನ್ನ ಕಾಲಿನ ಜೋಡಿ ಯಾಕ ಏರ್ತೈತಿ? ಈಗ ನೋಡ್ರಿ, ಏರಿತು. ಈಗ ಇಳೀತು."

"ನನಗ ಕೇಳಸವಲ್ದು."

ಮುದುಕ ಅವನ ಮುಖ ನೋಡಿದ. ಆಮೇಲೆ ಪಕ್ಕದ ಚಹಾದ ಅಂಗಡಿಯಾಕೆಯನ್ನು ಕೂಗಿದ. ಆಕೆ ಸೆರಗಿಗೆ ಕೈ ಒರೆಸುತ್ತ ಬಂದು ಕಿಟಕಿಯಲ್ಲಿ ತಲೆ ಹಾಕಿ, "ಅಯ್ಯ, ಏನದು ಕುಂಯ್ ಅಂತ! ಹಲ್ಲು ಝುಂ ಅಂದವು. ಬಂದ್ ಮಾಡೋ ಮಾರಾಯಾ" ಎಂದು ಹೋದಳು.

"ಸಾಹುಕಾರ್ರ, ಮಗ್ಗ ಎಷ್ಟು ವರ್ಷ?"

"ಮೂವತ್ತೈದು."

"ಹಂಗಾರ ನಿಮ್ಮ ಕಿವೀದು ಮ್ಯಾಲಿನ ಅಂತಸ್ತು ಬಿದ್ದೈತ್ರಿ. ಕೆಳಗಿನ ಮನಿಯಾಗ ಆರಾಮ ಅದೀರಿ, ಅದಕ್ಕ ಗೊತ್ತಾಗಿಲ್ಲ."

ಮುದುಕ ನಗೆಮಾತಿನಲ್ಲಿ ಹೇಳಿದ್ದು ವಿಜ್ಞಾನದ ಮಾತು. ವರ್ಷಗಟ್ಟಲೆ ದೊಡ್ಡ ಸದ್ದಿನಲ್ಲಿ ಇದ್ದವರ ಕಿವಿ ಒಮ್ಮೆಲೇ ಕಿವುಡಾಗುವುದಿಲ್ಲ. ಮೊದಲು ತೆಳುವಾದ, ಎತ್ತರದ ದನಿಗಳು ಹೋಗುತ್ತವೆ. ಉಳಿದದ್ದು ಕೇಳಿಸುತ್ತಲೇ ಇರುತ್ತದೆ. ಆದ್ದರಿಂದ ಹೋದದ್ದು ಹೋಯಿತೆಂದು ಅವರಿಗೆ ತಿಳಿಯುವುದೇ ಇಲ್ಲ. ಕಳೆದುಹೋದ ವಸ್ತುವಿನ ಜಾಗ ಖಾಲಿ ಕಂಡರೆ ಹುಡುಕಬಹುದು. ಜಾಗವೇ ಕಾಣದಿದ್ದರೆ?

ದಾವಲಸಾಬ ಹೊಸದೇನನ್ನೂ ಹಾಕಲಿಲ್ಲ, ಇದ್ದದ್ದನ್ನೇ ಒಂದೊಂದಾಗಿ ಬಿಚ್ಚುತ್ತ ಹೋದ. ಮುಂದೆ ಪೆನ್‌ಡ್ರೈವು ಸಿಕ್ಕಿಸುವ ಸೆಟ್ಟಿನಿಂದ ಸೀಟಿನ ಕೆಳಗಿನ ಪೆಟ್ಟಿಗೆಗೆ ಹಾಡು ಒಯ್ಯುವ ವೈರು ಕಿತ್ತ. ಕುಂಯ್ ನಿಂತಿತು. "ಪೆಟ್ಟಿಗೀದು ತಪ್ಪಿಲ್ಲ" ಎಂದ. ವೈರು ಮತ್ತೆ ಸಿಕ್ಕಿಸಿ, ಬ್ಯಾಟರಿಯ ನೆಗೆಟಿವ್ ತುದಿಯಿಂದ ಬೇರೊಂದು ಉದ್ದನೆಯ ತಂತಿ ಎಳೆದು ಪೆಟ್ಟಿಗೆಗೆ ಮುಟ್ಟಿಸಿದ. ಹಾಡು ಬರುತ್ತಿದೆ, ಕುಂಯ್ ಇಲ್ಲ. ತಂತಿ ತೆಗೆದ. ಕುಂಯ್ ಬಂತು. "ಸಿಕ್ಕಿತು" ಎಂದು ಸೀಟಿನ ಕೆಳಗೆ ತೂರಿ, ಪೆಟ್ಟಿಗೆಯ ಅರ್ತ್ ವೈರನ್ನು ಕಾರಿನ ತಗಡಿಗೆ ಕಟ್ಟಿದ್ದ ಬೋಲ್ಟು ಬಿಚ್ಚಿದ. ಬೋಲ್ಟಿನ ಸುತ್ತ ಬಣ್ಣ ಥಳಥಳ ಹೊಳೆಯುತ್ತಿತ್ತು. ಒಂದು ಗೀರೂ ಇಲ್ಲ.

"ಯಾವ ಶಾಣ್ಯಾ ಕಟ್ಯಾನ್ರಿ ಇದನ್ನ? ಬಣ್ಣದ ಮ್ಯಾಲ ಕಟ್ಟಿದ್ರ ತಂತಿಗೆ ನೆಲ ಹ್ಯಾಂಗ ಸಿಗಬೇಕು?"

ಸಾಹುಕಾರ ಮೊದಲ ಸಲ ಮೆಲುದನಿಯಲ್ಲಿ ಮಾತನಾಡಿದ. "ನಾನ ಹೇಳಿದ್ದೆ. ಗೀರು ಬೀಳಬಾರ್ದು ಅಂತ. ಆಸ್ಪತ್ರ್ಯಾಗ ಮಲಗ್ಯಾಳಲ್ಲ ನನ್ನ ಹೆಂಡ್ತಿ, ಎಂಟು ತಿಂಗಳ ಹಿಂದ ಸದ್ದು ಐತಿ ಅಂದ್ಲು, ನಾ ನಂಬಲಿಲ್ಲ."

ವಿದ್ಯುತ್ತಿನ ಯಾವ ಉಪಕರಣಕ್ಕೂ ಒಂದು ಸೊನ್ನೆ ಬೇಕು. ಎತ್ತರ ಅಳೆಯಲು ನೆಲ ಬೇಕಲ್ಲ, ಹಾಗೆ. ಕಾರಿನಲ್ಲಿ ಆ ನೆಲವೆಂದರೆ ಕಾರಿನ ಮೈಯ ಬರಿ ಲೋಹ. ಮುಂದಿನ ಸೆಟ್ಟಿಗೆ ನೆಲ ಸರಿಯಾಗಿ ಸಿಕ್ಕಿತ್ತು. ಸೀಟಿನ ಕೆಳಗಿನ ಪೆಟ್ಟಿಗೆಗೆ ನಡುವೆ ಬಣ್ಣದ ಪದರ. ತಾನೂ ನೆಲದ ಮೇಲೆಯೇ ಇದ್ದೇನೆ ಎಂದು ಅದು ತಿಳಿದಿತ್ತು. ನಿಜವಾಗಿ ಒಂದು ಕೂದಲೆಳೆಯಷ್ಟು ಮೇಲೆ ತೇಲುತ್ತಿತ್ತು. ಎರಡರ ಸೊನ್ನೆಗಳ ನಡುವಿನ ಆ ಕೂದಲೆಳೆಯ ಸಂದಿಯಲ್ಲಿ ಇಂಜಿನ್ನಿನ ಕೂಗು ನುಗ್ಗಿ, ಸ್ಪೀಕರಿನಲ್ಲಿ ದೊಡ್ಡದಾಗಿ, ಆಕೆಯ ಕಿವಿಗೆ ಬರುತ್ತಿತ್ತು.

ಮುದುಕ ಒಂದು ತುಂಡು ಉಪ್ಪುಕಾಗದ ಹರಿದು ಸಾಹುಕಾರನ ಕೈಗೆ ಕೊಟ್ಟ. "ಉಜ್ಜರಿ."

"ನಾನಾ?"

"ಮತ್ತ ಯಾರು? ಗೀರು ಬೀಳಬಾರ್ದು ಅಂದವರು ನೀವು. ನಾ ಉಜ್ಜಿದ್ರ ನಾಳೆ ನನ್ನ ಕೊಳ್ಳಪಟ್ಟಿ ಹಿಡೀತೀರಿ."

ಬಿಳಿ ಧೋತರ ಉಟ್ಟ ಸಾಹುಕಾರ ರಸ್ತೆಯ ಧೂಳಿನಲ್ಲಿ ಮೊಣಕಾಲೂರಿ, ಸೀಟಿನ ಕೆಳಗೆ ತಲೆ ಹಾಕಿ, ತನ್ನ ಹೊಸ ಕಾರಿನ ಬಣ್ಣವನ್ನು ತನ್ನ ಕೈಯಿಂದಲೇ ಉಜ್ಜಿದ. ಎಷ್ಟು? ಒಂದು ನಾಲ್ಕಾಣೆಯ ಅಗಲ. ಅಷ್ಟೇ. ಲೋಹ ಬೆಳ್ಳಗೆ ಕಂಡಿತು. ದಾವಲಸಾಬ ಅದಕ್ಕೆ ತಂತಿ ಕಟ್ಟಿ ಬೋಲ್ಟು ಬಿಗಿದ. ಇಂಜಿನ್ ಶುರುವಾಯಿತು, ಹಾಡು ಬಂತು.

ಸಾಹುಕಾರ ಕೇಳಿದ, "ಹೋತೇನು?"

ಅವನಿಗೆ ಗೊತ್ತಾಗುವುದಿಲ್ಲವಲ್ಲ! ಇದ್ದಾಗಲೂ ಕೇಳಿಸಿರಲಿಲ್ಲ, ಹೋದಾಗಲೂ ಕೇಳಿಸುವುದಿಲ್ಲ. ದಾವಲಸಾಬ ಕೈ ಒರೆಸಿಕೊಳ್ಳುತ್ತ ಹೇಳಿದ, "ನಾ ಹೇಳಂಗಿಲ್ರಿ. ಎಂಟು ತಿಂಗಳು ಕೇಳಿದವರು ಒಳಗ ಅದಾರ. ಅವರು ಹೇಳ್ಲಿ."

ಸಂಜೆ ಆಕೆ ತೋಳಿಗೆ ಹತ್ತಿ ಅಂಟಿಸಿಕೊಂಡು, ಗೋಡೆ ಹಿಡಿದು ಬಂದಳು. ಕಾರಿನಲ್ಲಿ ಕೂತು ಎಂದಿನಂತೆ ಸೆರಗು ಕಿವಿಗೆ ಎಳೆದುಕೊಂಡಳು. ಸಾಹುಕಾರ ಹಾಡು ಹಚ್ಚಿ, ಕಾರು ಬಿಟ್ಟ. ಮೂವತ್ತು, ನಲವತ್ತು, ಅರವತ್ತು. ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಆ ಸೆರಗಿನ ಮೇಲೆ. ಊರು ದಾಟಿದರು. ಆಕೆಯ ಕೈ ಮೆಲ್ಲಗೆ ಮೇಲೆದ್ದಿತು. ಸೆರಗು ಕಿವಿಯಿಂದ ಹೆಗಲಿಗೆ ಇಳಿಯಿತು.

"ರೀ."

"ಹೂಂ."

"ಅದು ಇಲ್ಲ."

ಸಾಹುಕಾರ ರಸ್ತೆಯ ಪಕ್ಕದ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದ. ಇಂಜಿನ್ ಬಂದ್ ಮಾಡಲಿಲ್ಲ.

"ನೀ ಯಾಕ ನನಗ ಹೇಳಲಿಲ್ಲ?"

"ಹೇಳಿದ್ನೆಲ್ಲರೀ. ಒಂದ್ಸಲ."

ಒಂದು ಸಲ. ಅವನಿಗೆ ಆ ಮಾತು ಚುಚ್ಚಿತು. "ಆಮ್ಯಾಲ ಯಾಕ ಹೇಳಲಿಲ್ಲ?"

"ಇಷ್ಟು ಆಸೆ ಮಾಡಿ ಹಾಕ್ಸೀರಿ. ನನ್ನಪ್ಪನ ಹಾಡು ಹುಡಿಕ್ಯಾಡಿ ತಂದೀರಿ. ಅದರ ಮ್ಯಾಲ ನಾ ಹ್ಯಾಂಗ ತಕರಾರು ಮಾಡ್ಲಿ?"

ಅವನು ನಡೆದದ್ದೆಲ್ಲ ಹೇಳಿದ. ತನ್ನ ಕಿವಿಯ ವಿಷಯ, ಬಣ್ಣದ ವಿಷಯ. ಮೊಣಕಾಲಿಗೆ ಹತ್ತಿದ ಧೂಳು ತೋರಿಸಿದ. ಆಕೆ ನಕ್ಕಳು. ನಗುತ್ತಿದ್ದವಳು ತಟ್ಟನೆ ಬೆರಳೆತ್ತಿ, "ಶ್, ಸುಮ್ನಿರ್ರಿ" ಎಂದಳು. "ಅಪ್ಪ ಉಸುರು ತಗೊಳೂದು ಕೇಳಸಾಕತ್ತೈತಿ. ಒಂದು ಸಾಲು ಮುಗೀತಂದ್ರ, ಇಷ್ಟ ಇಷ್ಟ ಉಸುರು. ತೊಡಿ ಮ್ಯಾಲ ನನ್ನ ಮಲಗಿಸ್ಕೊಂಡು ಹಾಡೂವಾಗ ಹಿಂಗ ತಗೋತಿದ್ದ. ನಾ ಮರತಬಿಟ್ಟಿದ್ದೆ."

ಸಾಹುಕಾರ ಕಿವಿಗೊಟ್ಟ. ಹಾಡು ಕೇಳಿಸಿತು. ಉಸಿರು ಕೇಳಿಸಲಿಲ್ಲ. ಅದು ಅವನ ಕಿವಿಯ ಬಿದ್ದುಹೋದ ಅಂತಸ್ತಿನಲ್ಲಿತ್ತು. ಆದರೆ ಈ ಸಲ ಅವನು "ಎಲ್ಲೈತಿ?" ಎನ್ನಲಿಲ್ಲ. ತನ್ನ ಅಂಗೈಯನ್ನು ಆಕೆಯ ಮುಂದೆ ಚಾಚಿದ.

"ನನಗ ಕೇಳಂಗಿಲ್ಲ. ನೀ ತೋರ್ಸು."

ಆಕೆ ಒಂದು ಬೆರಳಿನಿಂದ ಅವನ ಅಂಗೈ ಮುಟ್ಟಿದಳು. ಒಂದು ಸಾಲು ಮುಗಿಯಿತು, ಮುಟ್ಟಿದಳು. ಇನ್ನೊಂದು ಸಾಲು, ಇನ್ನೊಂದು ಉಸಿರು. ಹಾಡು ಮುಗಿಯುವವರೆಗೂ ಅವರು ಹಾಗೆಯೇ ಕೂತಿದ್ದರು.

ಕಥೆ ಇಷ್ಟೇ. ಆಕೆ ಮುಂದೆ ಎಷ್ಟು ದಿನ ಇದ್ದಳು ಎಂದು ನೀವು ಕೇಳಬಹುದು. ಇದ್ದಷ್ಟು ದಿನ ಸೆರಗು ಕಿವಿಗೆ ಹೋಗಲಿಲ್ಲ. ಅಷ್ಟನ್ನು ಹೇಳಬಲ್ಲೆ.

ಈಗ ನಮ್ಮ ವಿಷಯ. ಅಣ್ಣಗಳಿರಾ, ನಮಗೆಲ್ಲ ಒಂದೊಂದು ಮಗ್ಗವಿದೆ. ಅಂಗಡಿ, ಹೊಲ, ಕಚೇರಿ, ರಾಜಕೀಯ, ಮೊಬೈಲು. ಅದರ ಖಟಕಟ್ಟಿನಲ್ಲಿ ನಮ್ಮ ಕಿವಿಯ ತೆಳುವಾದ ಭಾಗ ಹೋಗಿರುತ್ತದೆ, ಹೋಗಿದೆ ಎಂದು ನಮಗೆ ಗೊತ್ತಿರುವುದಿಲ್ಲ. ಮನೆಯಲ್ಲಿ ಯಾರೋ ಮೆಲ್ಲಗೆ ಒಂದು ಮಾತು ಹೇಳುತ್ತಾರೆ. ನಾವು "ಅಂಥಾದ್ದೇನೂ ಇಲ್ಲ" ಎನ್ನುತ್ತೇವೆ. ನೋಡಿ, "ನನಗೆ ಕೇಳಿಸುತ್ತಿಲ್ಲ" ಎನ್ನುವುದು ನಿಜ. "ಅದು ಇಲ್ಲ" ಎನ್ನುವುದು ಅಹಂಕಾರ. ಈ ಎರಡನ್ನು ನಾವು ಒಂದೇ ಎಂದು ತಿಳಿದು ಎಷ್ಟು ಮನೆಗಳಲ್ಲಿ ಎಷ್ಟು ಸೆರಗುಗಳನ್ನು ಕಿವಿಗೆ ಏರಿಸಿದ್ದೇವೆ!

ಮನೆಯವರು ಒಮ್ಮೆ ಹೇಳಿ ಸುಮ್ಮನಾದರೆ ಸರಿಹೋಯಿತೆಂದು ತಿಳಿಯಬೇಡಿ. ಒಮ್ಮೆ ಹೇಳಿದ್ದು ಅವರ ಧೈರ್ಯ, ಸುಮ್ಮನಾದದ್ದು ನಿಮ್ಮ ಮೇಲಿನ ಪ್ರೀತಿ. ಇವತ್ತು ಮನೆಗೆ ಹೋಗಿ ಊಟಕ್ಕೆ ಕೂತಾಗ ಎದುರಿಗೆ ಇರುವವರನ್ನು ಕೇಳಿ: ನೀನು ಯಾವಾಗಲೋ ಒಂದು ಸಲ ಹೇಳಿ ಬಿಟ್ಟುಬಿಟ್ಟ ಮಾತು ಯಾವುದು? ಕೇಳಿ, ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ. ಅಂಗಡಿಯವನನ್ನು ಸಾಕ್ಷಿಗೆ ಕರೆಯಬೇಡಿ. ಅವರು ಹೇಳಿದ್ದನ್ನು ನಂಬಿ, ನಿಮ್ಮ ಬಣ್ಣವನ್ನು ಒಂದು ನಾಲ್ಕಾಣೆಯ ಅಗಲ, ನಿಮ್ಮ ಕೈಯಿಂದಲೇ ಉಜ್ಜಿ. ಕಾರು ಪೂರ್ತಿ ಕೆರೆಯಬೇಕಿಲ್ಲ. ಯಾರಿಗೂ ಕಾಣದ ಒಂದು ಜಾಗದಲ್ಲಿ, "ತಪ್ಪು ನನ್ನದೇ" ಎಂಬಷ್ಟು ಅಗಲ. ಆಮೇಲೆ "ಎಲ್ಲ ಸರಿಮಾಡಿಬಿಟ್ಟೆ" ಎಂದು ನೀವೇ ಸಾರಬೇಡಿ. ಸರಿಹೋಯಿತೋ ಇಲ್ಲವೋ ಎಂಬುದನ್ನು ಹೇಳಬೇಕಾದವರು ಅವರು.

ಮಾನಿಂಗ ಕೇಳಿದ ಪ್ರಶ್ನೆ ನೆನಪಿದೆಯಲ್ಲ? ನಾನೂ ಈಗ ಅದನ್ನೇ ಕೇಳುತ್ತೇನೆ. ಅಲ್ಲಿ ಗೋಡೆಗೆ ಒರಗಿ ಕೂತ ಯವ್ವಾ, ನಿಮಗೆ ಎಲ್ಲ ಸರಿಯಾಗಿ ಕೇಳಿಸಿತೇ?

ಏನು? ಜೋರಾಗಿ ಹೇಳಿ, ಸಂಕೋಚ ಬೇಡ.

ಕೇಳಿದಿರಾ ಎಲ್ಲರೂ? ಅಜ್ಜಿ ಹೇಳುತ್ತಿದ್ದಾರೆ, ಮೈಕು ಇನ್ನೂ ಸಣ್ಣಗೆ ಕುಂಯ್‌ಗುಟ್ಟುತ್ತಲೇ ಇದೆಯಂತೆ, ಮೊದಲು ಸುಮ್ಮನೆ ತಲೆ ಆಡಿಸಿದೆ ಎನ್ನುತ್ತಿದ್ದಾರೆ, ಪ್ರವಚನಕ್ಕೆ ಅಡ್ಡಿಯಾಗಬಾರದೆಂದು.

ನನಗೆ ಕೇಳಿಸುತ್ತಿಲ್ಲ. ಮಾನಿಂಗ, ಬಾ. ಅಜ್ಜಿಯ ಪಕ್ಕ ಹೋಗಿ ಕೂತುಕೋ. ಆಕೆ "ಅದು ಇಲ್ಲ" ಎನ್ನುವವರೆಗೂ ನೋಡು. ನಾವೆಲ್ಲ ಕಾಯುತ್ತೇವೆ.